ಗಿರಣಿ ಬೋರ್ಡಿನ ಐದನೆಯ ಹೆಸರು

ಸೆಪ್ಟೆಂಬರ್ ೧, ಸೋಮವಾರ

ಬೀಜದ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿ ಎಂಟು ತಿಂಗಳು ಮೋಟರಿನ ಪೆಟ್ಟಿಗೆಯ ಮೇಲೆ ಹಿಟ್ಟು ತಿನ್ನುತ್ತ ಬಿದ್ದಿತ್ತು. ಇವತ್ತು ಝಾಡಿಸಿ ತೆಗೆದೆ. ಮೊದಲ ಪುಟದಲ್ಲಿ ಹೆಸರು ಬರೆಯಲು ಜಾಗ ಬಿಟ್ಟಿದ್ದಾರೆ. ಬರೆದೆ: ಅರ್ಜುನಪ್ಪ, ಹಿಟ್ಟಿನ ಗಿರಣಿ, ಸವಡಿ. ಎಷ್ಟು ಕಲಿತಿದ್ದೀರಿ ಎಂದು ಕೇಳಿಲ್ಲ. ಕೇಳಿದ್ದರೆ ‘ಏಳನೆಯ ಇಯತ್ತೆ, ಪಾಸು’ ಎಂದು ದಪ್ಪಗೆ ಬರೆಯುತ್ತಿದ್ದೆ.

ಬರೆಯಲು ಕಾರಣ, ಮನೆಯಲ್ಲಿ ಮಾತಿಲ್ಲ. ಮಾತಾಡುವವಳು ಇದ್ದಾಳೆ, ಮಾತಿಲ್ಲ.

ತಪ್ಪು ನನ್ನದೇನೂ ಇಲ್ಲ. ನಿನ್ನೆ ಗಿರಣಿಯಲ್ಲಿ ಮುಮತಾಜಬಿ ಗೋದಿ ಹಾಕಿಸುತ್ತಿದ್ದಳು, ಕಳಕವ್ವ ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿಗೆ ಕಾದಿದ್ದಳು. ಟೀವಿಯವರು ಈ ತಿಂಗಳು ಇಪ್ಪತ್ತೊಂದಕ್ಕೆ ಧಾರಾವಾಹಿ ಪ್ರಶಸ್ತಿಯ ನಾಮಿನೇಷನ್ ಹೇಳುತ್ತಾರೆ. ಇಡೀ ಸವಡಿಗೆ ಗೊತ್ತು, ಅವರಿಗಿಂತ ಮೊದಲು ಹೇಳುವವನು ನಾನು ಎಂದು. ಮುಖ್ಯ ನಟಿಯ ಐದು ಹೆಸರನ್ನು ನಮ್ಮ ಎಮ್ಮೆಯೂ ಹೇಳುತ್ತದೆ. ಕಷ್ಟ ಇರುವುದು ಪೋಷಕ ನಟಿಯಲ್ಲಿ. ನಾಲ್ಕು ವರ್ಷ ಗಿರಣಿಯ ಕರಿ ಬೋರ್ಡಿನ ಮೇಲೆ ಐದು ಹೆಸರು ಬರೆದಿದ್ದೇನೆ, ನಾಲ್ಕೂ ವರ್ಷ ಐದಕ್ಕೆ ಐದು. ಮುಶಿಗೇರಿಯಿಂದಲೂ ಜನ ಬೋರ್ಡು ನೋಡಲು ಬಂದಿದ್ದುಂಟು. ಬರುವಾಗ ಹಾಗೇ ಕಾಳೂ ತಂದರು, ಆ ಮಾತು ಬೇರೆ.

ಮುಮತಾಜಬಿ ಕೇಳಿದಳು, “ಅರ್ಜುನಪ್ಪಣ್ಣ, ಈ ಸಲ ಯಾರ್ಯಾರ ಹೆಸರ ಬರೀತಿ? ಮನ್ಯಾಗ ಅಕ್ಕನ್ನ ಕೇಳಿ ಬರೀತಿಯೇನ?”

“ಆಕಿನ್ನ ಕೇಳೂದಾ? ಆಕಿಗೇನ ತಿಳಿತೈತಿ? ಟೀವಿ ಮುಂದ ಕುಂತ ಅಳಾಕಿ ಆಕಿ. ನಟನೆ ತಿಳಿಯೂ ತಲಿ ಅಂದ್ರ ಇದು” ಎಂದು ಹಣೆ ಬಡಿದು ತೋರಿಸಿದೆ.

ಕಳಕವ್ವ ನಕ್ಕಳು. ಮುಮತಾಜಬಿ ನಗಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದಳು. ಬುತ್ತಿ ಹಿಡಿದುಕೊಂಡು ನಮ್ಮಾಕಿ ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು. ಬುತ್ತಿ ಇಟ್ಟಳು, ಹೋದಳು. ಅಷ್ಟೆ. ಬೈದಿದ್ದರೆ ಚಲೋ ಇತ್ತು.

ರಾತ್ರಿ ಉಣ್ಣುವಾಗ ಎಂದಿನ ಹಾಗೆ ಕೇಳಿದೆ, “ಈ ಸಲ ಯಾರ್ಯಾರ ಬರಬಹುದು ಅಂತಿ?”

“ನನಗೇನ ತಿಳಿತೈತ್ರಿ. ನಾ ಅಳಾಕಿ.”

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಖರೇ ಬರೆಯುತ್ತೇನೆ. ಆ ನಾಲ್ಕು ವರ್ಷದ ಇಪ್ಪತ್ತು ಹೆಸರು ರೊಟ್ಟಿ ಬಡಿಯುತ್ತ ಆಕೆಯೇ ಹೇಳಿದ್ದು. ಆದರೆ ಬೋರ್ಡು ನನ್ನದು, ಬರೆಯುವ ಖಡು ನನ್ನದು, ಅಕ್ಷರ ನನ್ನವು.

ಸೆಪ್ಟೆಂಬರ್ ೩, ಬುಧವಾರ

ಎಂಟು ಗಂಟೆಗೆ ‘ಏಳು ಹೆಜ್ಜೆಯ ಮನೆ’ ಶುರುವಾಗುತ್ತದೆ. ನಮ್ಮಾಕಿ ಸರಿಯಾಗಿ ಎಂಟಕ್ಕೆ ಮರ ತಗೊಂಡು ಒಳಗೆ ಹೋಗಿ ಹೆಸರುಕಾಳು ಹಸನು ಮಾಡುತ್ತ ಕೂರುತ್ತಾಳೆ. ಒಂದು ದಿನವೂ ಬಿಡದ ಧಾರಾವಾಹಿ ಬಿಟ್ಟಳು. ಎಷ್ಟು ದಿನ ಬಿಡುತ್ತಾಳೆ ನೋಡೋಣ. ನನಗೇನು.

ಸೆಪ್ಟೆಂಬರ್ ೫, ಶುಕ್ರವಾರ

ಇವತ್ತು ಗಜೇಂದ್ರಗಡದಿಂದ ಅನಿಲಕುಮಾರ ಬಂದಿದ್ದ. ಫೋನಿನಲ್ಲೇ ಚಾನಲ್ ನಡೆಸುವ ಹುಡುಗ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡೆ ಅವನ ವಿಡಿಯೋ ನೋಡುತ್ತಾರಂತೆ. “ಕಾಕಾ, ಇಪ್ಪತ್ತನೇ ತಾರೀಖ ಬಂದು ನಿಮ್ಮನ್ನೂ ಬೋರ್ಡನ್ನೂ ಶೂಟ್ ಮಾಡ್ತೀನಿ. ಮರುದಿನ ಟೀವಿದಾಗ ಹೆಸರ ಬರ್ತಾವು. ಐದಕ್ಕೈದು ಆತು ಅಂದ್ರ ಗಜೇಂದ್ರಗಡಕ್ಕ ಕರದು ಶಾಲು ಹೊಚ್ಚತೀವಿ.”

“ಶಾಲು ಕೆಂಪಂದಿರಲಿ, ನನ್ನ ಬಣ್ಣಕ್ಕ ಒಪ್ಪತೈತಿ” ಎಂದೆ.

ಪೋಸ್ಟ್ ಮಾಸ್ತರಿಕೆ ಮಾಡಿ ರಿಟಾಯರ್ ಆದ ರಾಘಣ್ಣ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ. ನನ್ನ ಐದಕ್ಕೈದು ಕಂಡರೆ ಅವನ ಹೊಟ್ಟೆಯಲ್ಲಿ ಮೆಣಸಿನಕಾಯಿ. ಪೇಪರು ಮಡಚಿ, “ತಪ್ಪಿತು ಅಂದ್ರ ಏನೋ ಅರ್ಜುನಾ?” ಎಂದ.

“ನೀ ಹೇಳಿದ್ದ ಆ ಬೋರ್ಡಿನ ಮ್ಯಾಲೆ ಬರೀತೀನಿ.”

“ಹಂಗಾರ ‘ಅರ್ಜುನಪ್ಪನಿಗೆ ಏನೂ ತಿಳಿಯುವುದಿಲ್ಲ’ ಅಂತ ಬರೀಬೇಕು. ನಿನ್ನ ಕೈಲೇನ. ಒಂದ ತಿಂಗಳ ಅಳಸಂಗಿಲ್ಲ.”

ಅನಿಲಕುಮಾರ ಇದನ್ನೂ ಫೋನಿನಲ್ಲಿ ಹಿಡಿದುಕೊಂಡ. ನಾನು ಕೈ ಮೇಲೆ ಕೈ ಹಾಕಿ ಒಪ್ಪಿದೆ. ಒಪ್ಪುವಾಗ ಚಲೋ ಅನ್ನಿಸಿತ್ತು. ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು. ಹೆಸರು ಹೇಳುವವರು ಯಾರು?

ಸೆಪ್ಟೆಂಬರ್ ೮, ಸೋಮವಾರ

ಕೂತಲ್ಲಿ ಕೂರಲಾಗಲಿಲ್ಲ. ಗಿರಣಿಗೆ ಬೀಗ ಹಾಕಿ ರೋಣಕ್ಕೆ ಹೋಗಿ ಅಲ್ಲಿಂದ ನರಗುಂದದ ಬಸ್ಸು ಹಿಡಿದೆ. ಮಗಳು ದೇವಿಕಾಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಆಕೆಯೂ ಧಾರಾವಾಹಿ ನೋಡುತ್ತಾಳೆ. ಮೊಮ್ಮಗಳಿಗೆ ಪೇಡೆ ತಗೊಂಡೆ, ಮಾತಿನ ನಡುವೆ ಉಪಾಯದಿಂದ ಪೋಷಕ ನಟಿಯ ವಿಷಯ ತೆಗೆದೆ.

“ಅವ್ವನ್ನ ಕೇಳ್ರಿ ಅಪ್ಪಾ, ನನ್ನೇನ ಕೇಳ್ತೀರಿ? ಆಕಿ ಹೇಳಿದ ಮ್ಯಾಲೇನ ನನಗ ನೋಡಾಕ ಬಂದಿದ್ದು.”

“ಆಕಿ ಏನ ಹೇಳತಾಳ?”

“ದಿನಾ ಒಂಬತ್ತಕ್ಕ ಫೋನ್ ಮಾಡ್ತಾಳಲ್ಲ. ಮಾತಾಡಾಕಿನ್ನ ನೋಡಬ್ಯಾಡ, ಆ ಮಾತ ಕೇಳಕೋತ ನಿಂತಾಕಿನ್ನ ನೋಡು ಅಂತಾಳ. ಡೈಲಾಗ್ ಯಾರರ ಹೇಳ್ತಾರ, ಕೇಳೂದ ಕಷ್ಟ ಅಂತ.”

ದಿನಾ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ! ನಾನು ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಪ್ರಪಂಚದ ಸುದ್ದಿ ಹೇಳುತ್ತಿರುತ್ತೇನೆ. ನನಗೆ ಗೊತ್ತೇ ಇರಲಿಲ್ಲ.

“ಎಂಟ ದಿನಾತು, ಧಾರಾವಾಹಿ ಮಾತ ತಗ್ಯವಲ್ಲಳು” ಎಂದು ದೇವಿಕಾ ನನ್ನ ಮುಖ ನೋಡಿದಳು. “ಏನ ಅಂದ್ರಿ ಅಪ್ಪಾ ಆಕಿಗೆ?”

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ಅಡ್ಡಾಡಿದೆ.

ಸೆಪ್ಟೆಂಬರ್ ೧೧, ಗುರುವಾರ

ಹೊಸ ಉಪಾಯ ಕಂಡುಹಿಡಿದೆ. ನನ್ನ ತಲೆಯೇ ತಲೆ. ಕಾಳು ಹಾಕಿಸಲು ಬಂದ ಹೆಣ್ಣುಮಕ್ಕಳನ್ನು ಎರಡೇ ಕೇಳುವುದು: ಯಾರನ್ನು ನೋಡಿ ಬೈದಿರಿ, ಯಾರನ್ನು ನೋಡಿ ಅತ್ತಿರಿ? ಪ್ರತಿ ಬೈಗುಳಕ್ಕೆ ಗೋಡೆಯ ಮೇಲೆ ಒಂದು ಗೀಟು, ಪ್ರತಿ ಕಣ್ಣೀರಿಗೆ ಒಂದು ಗೀಟು. ಯಾರಿಗೆ ಗೀಟು ಹೆಚ್ಚೋ ಅವರೇ ದೊಡ್ಡ ನಟಿ.

ಕಳಕವ್ವ ಒಬ್ಬಳೇ ಆರು ಬೈಗುಳ ಕೊಟ್ಟಳು. ಅದರಲ್ಲಿ ಎರಡು ಅವಳ ಸೊಸೆಗೆ ಸೇರಿದ್ದು, ತೆಗೆದುಹಾಕಿದೆ.

ಸಂಜೆಗೆ ನಾಲ್ಕು ಹೆಸರು ಗಟ್ಟಿಯಾದವು. ಐದನೆಯದಕ್ಕೆ ‘ಏಳು ಹೆಜ್ಜೆಯ ಮನೆ’ಯಲ್ಲಿ ನಾಯಕಿಯ ಅಕ್ಕನಾಗುವ ಮಯೂರಿ. ಹದಿನೇಳು ಕಣ್ಣೀರಿನ ಗೀಟು. ಗೀಟು ಎಣಿಸುವ ಗಡಿಬಿಡಿಯಲ್ಲಿ ಮುಮತಾಜಬಿಯ ಕಡಲೆಬೇಳೆಯ ಮೇಲೆ ಕಳಕವ್ವನ ಜೋಳ ಸುರಿದೆ. “ಈ ಹಿಟ್ಟಿನ ರೊಟ್ಟಿ ಆಕ್ಕಾವೋ ಭಜಿ ಆಕ್ಕಾವೋ ನೀನ ಹೇಳಣ್ಣ, ಭವಿಷ್ಯಾ ತಿಳದಾಂವ” ಎಂದಳು ಮುಮತಾಜಬಿ. ಇಬ್ಬರಿಗೂ ನಮ್ಮ ಮನೆಯ ಕಾಳು ಹಾಕಿಕೊಟ್ಟೆ.

ಮನೆಯಲ್ಲಿ ಇದನ್ನು ಹೇಳಿದರೆ ನಮ್ಮಾಕಿ ನಗುತ್ತಾಳೆ ಎಂದುಕೊಂಡು ಹೇಳಿದೆ. “ಹೂಂ” ಎಂದಳು.

ಸೆಪ್ಟೆಂಬರ್ ೧೨, ಶುಕ್ರವಾರ

ಹೂಂ. ಊಟಕ್ಕೆ ಹೂಂ, ನೀರಿಗೆ ಹೂಂ. ಇವತ್ತು ಎಣಿಸಿದೆ, ಒಂಬತ್ತು.

ಸೆಪ್ಟೆಂಬರ್ ೧೫, ಸೋಮವಾರ

ಕಟ್ಟೆಗೆ ಹೋಗದೆ ಟೀವಿಯ ಮುಂದೆ ನಾನೇ ಕೂತೆ. ಗೀಟುಗಳು ಸರಿಯಿವೆಯೋ ಇಲ್ಲವೋ ನೋಡಬೇಕಿತ್ತು. ದೇವಿಕಾ ಹೇಳಿದ ಮಾತೂ ತಲೆಯಲ್ಲಿ ಕೊರೆಯುತ್ತಿತ್ತು.

ಮಯೂರಿ ಅಳುವಾಗ ಚಲೋ ಅಳುತ್ತಾಳೆ, ಇಲ್ಲ ಅನ್ನುವುದಿಲ್ಲ. ಆದರೆ ಬೇರೆಯವರು ಮಾತಾಡುವಾಗ ಆಕೆಯನ್ನೇ ನೋಡಿದೆ. ಸೆರಗು ಸರಿ ಮಾಡಿಕೊಳ್ಳುತ್ತ ನಿಂತಿರುತ್ತಾಳೆ, ರೋಣದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರ ಹಾಗೆ. ತನ್ನ ಪಾಳಿ ಬಂತೋ, ಕಣ್ಣೀರು ಬಂತು.

ಆ ಮನೆಯಲ್ಲಿ ಅಡಿಗೆಯವಳು ಒಬ್ಬಳಿದ್ದಾಳೆ, ಕಾಶಿಬಾಯಿ. ಮೂರು ವರ್ಷದಿಂದ ಇದ್ದಾಳಂತೆ, ನಾನು ನೋಡಿಯೇ ಇಲ್ಲ. ಇವತ್ತು ಬೀಗರು ಊಟಕ್ಕೆ ಬಂದಿದ್ದರು. “ಈ ಹುಳಿ ಯಾರು ಮಾಡಿದ್ದು, ಅಮೃತ ಇದ್ದ ಹಾಗಿದೆ” ಎಂದರು. ಯಜಮಾನತಿ ತನ್ನ ಎದೆ ಮುಟ್ಟಿಕೊಂಡು, “ನಾನೇ! ಅಡಿಗೆಯವಳಿಗೆ ಏನು ಗೊತ್ತಾಗುತ್ತೆ?” ಎಂದಳು. ಕಾಶಿಬಾಯಿ ಹಿಂದೆ ಹುಳಿಯ ಪಾತ್ರೆ ಹಿಡಿದು ನಿಂತಿದ್ದಳು. ಆಕೆಗೆ ಮಾತೇ ಇಲ್ಲ. ಸೌಟು ಒಂದು ಗಳಿಗೆ ಪಾತ್ರೆಯ ಮೇಲೆ ನಿಂತಿತು. ಮತ್ತೆ ಬಗ್ಗಿ ಬಡಿಸಿದಳು. ಅಷ್ಟೆ.

ಅದನ್ನು ಎಲ್ಲಿಯೋ ನೋಡಿದ ಹಾಗೆ ಆಯಿತು. ಹಾಗೆ ನಿಲ್ಲುವವರನ್ನು, ಕೈಯಲ್ಲಿ ಏನೋ ಹಿಡಿದುಕೊಂಡು. ಎಲ್ಲಿ ಎಂದು ನೆನಪಾಗಲೊಲ್ಲದು. ಕಂಪನಿ ನಾಟಕದಲ್ಲಿ ಇರಬೇಕು.

“ಏ, ಆ ಅಡಿಗಿ ಕಾಶಿಬಾಯಿ ಚಲೋ ಮಾಡತಾಳ ನೋಡು” ಎಂದು ಒಳಗೆ ಕೇಳುವಂತೆ ಅಂದೆ.

ಒಳಗೆ ಹೆಸರು ಹಸನು ಮಾಡುವ ಮರದ ಸಪ್ಪಳ ನಿಂತಿತು. ನಾನು ಕಾದೆ. ಮತ್ತೆ ಶುರುವಾಯಿತು.

ಸೆಪ್ಟೆಂಬರ್ ೧೭, ಬುಧವಾರ

ಐದೂ ಹೆಸರು ಬೋರ್ಡಿಗೆ ಏರಿಸಿದೆ. ಐದನೆಯದು ಮಯೂರಿಯೇ. ಗೆಲ್ಲಬೇಕಾದರೆ ಗೀಟು ಕೇಳಬೇಕು, ಸೌಟು ಕೇಳಿದರೆ ಆಗುವುದಿಲ್ಲ. ಜನ ಬಂದು ನೋಡಿದರು, “ಇದು ಬರೋಬರಿ” ಎಂದರು. ರಾಘಣ್ಣನೂ ಮುಖ ಸಣ್ಣ ಮಾಡಿಕೊಂಡು, “ನಾನೂ ಇದನ್ನ ಅಂದಿದ್ದೆ” ಎಂದ.

ಇಷ್ಟು ಆದ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಾಳಿಲ್ಲದೆ ಗಿರಣಿ ಚಾಲೂ ಮಾಡಿ ಸ್ವಲ್ಪ ಹೊತ್ತು ಸಪ್ಪಳ ಕೇಳಿದೆ. ಕಲ್ಲಿಗೆ ಕಲ್ಲು ತಿಕ್ಕಿ ವಾಸನೆ ಬಂತು, ಬಂದ್ ಮಾಡಿದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಮುಂಜಾನೆ ಗಿರಣಿಗೆ ಹೋದರೆ ಬೋರ್ಡಿನ ಮೇಲೆ ನಾಲ್ಕು ಹೆಸರು ನನ್ನ ಅಕ್ಷರ, ಐದನೆಯದು ನನ್ನದಲ್ಲ. ‘ಮಯೂರಿ’ ಅಳಿಸಿ ಅಲ್ಲಿ ದುಂಡಗೆ ‘ಅಡಿಗಿ ಕಾಶಿಬಾಯಿ’ ಎಂದು ಬರೆದಿದೆ.

ಆ ಅಕ್ಷರ ನಮ್ಮ ಅಡಿಗೆಮನೆಯ ಡಬ್ಬಿಗಳ ಮೇಲಿವೆ. ಜೀರಗಿ. ಸಾಸಿವಿ. ಎಲ್ಲ ಗುಡಿಸುಗಳೂ ಹೀಗೇ ತಲೆ ಎತ್ತಿ ನಿಂತಿರುತ್ತವೆ.

ಒದ್ದೆ ಅರಿವೆ ಕೈಯಲ್ಲಿ ಹಿಡಿದುಕೊಂಡು ಬೋರ್ಡಿನ ಮುಂದೆ ಎಷ್ಟು ಹೊತ್ತು ನಿಂತೆನೋ. ಅಳಿಸಿದರೆ ಶಾಲು. ಬಿಟ್ಟರೆ ಸೋಲು, ಅದೂ ಮೂರು ಊರಿನ ಫೋನಿನಲ್ಲಿ. ಅಡಿಗೆಯವಳ ಪಾತ್ರಕ್ಕೆ ಯಾರು ನಾಮಿನೇಷನ್ ಕೊಡುತ್ತಾರೆ? ನಮ್ಮಾಕಿಗೂ ಅದು ತಿಳಿಯದ ಮಾತಲ್ಲ. ಇಪ್ಪತ್ತು ಹೆಸರು ತಪ್ಪದೆ ಹೇಳಿದವಳು.

ಅರಿವೆಯಿಂದ ಗಿರಣಿಯ ಬಾಯಿ ಒರೆಸಿದೆ. ಬೋರ್ಡು ಮುಟ್ಟಲಿಲ್ಲ.

ರಾಘಣ್ಣ ಬಂದವನೇ ಕನ್ನಡಕ ಏರಿಸಿ ನೋಡಿದ. “ಇದೇನೋ, ಅಡಿಗಿಯಾಕಿನ್ನ ತಂದು ನಿಲ್ಲಿಸೀಯಲ್ಲ! ಆಕಿಗೆ ಹೆಸರರ ಐತೇನು?”

ಆ ಮಾತು ನನಗೆ ನಾಟಿತು. ಹೆಸರು ಯಾರಿಗೂ ಗೊತ್ತಿಲ್ಲ. ಕಳಕವ್ವನಿಗೆ ಗೊತ್ತಿಲ್ಲ, ಮುಮತಾಜಬಿಗೆ ಗೊತ್ತಿಲ್ಲ. ವಾರದ ಕೊನೆಯ ಕಂತಿನಲ್ಲಿ ಮಾತ್ರ ಎಲ್ಲರ ಹೆಸರು ಓಡಿಸುತ್ತಾರೆ, ಅದೂ ಹಿಂದೆ ನಾಯಿ ಬಿಟ್ಟ ಹಾಗೆ. ರಾತ್ರಿ ಟೀವಿಗೆ ಮೂಗು ಹಚ್ಚಿ ಕೂತೆ, ಸಿಗಲಿಲ್ಲ. ಅನಿಲಕುಮಾರನಿಗೆ ಫೋನ್ ಮಾಡಿದೆ. ಅವನು ತನ್ನ ಫೋನಿನಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ಓದಿ ಹೇಳಿದ: ಇಂದುಮತಿ. ಬೆಳಕು ಹಿಡಿಯುವವರ ಹೆಸರಿನ ಮೇಲೆ ಇತ್ತಂತೆ.

“ಇಂದುಮತಿ ಅಂತ ಆಕಿ ಹೆಸರು” ಎಂದು ನಮ್ಮಾಕಿಗೆ ಕೇಳುವಂತೆ ಗೋಡೆಗೆ ಹೇಳಿದೆ.

“ಹೂಂ” ಎಂದಳು. ಆದರೆ ಈ ಹೂಂ ಸ್ವಲ್ಪ ಉದ್ದ ಇತ್ತು.

ಸೆಪ್ಟೆಂಬರ್ ೨೦, ಶನಿವಾರ

ಅಡಿಗಿ ಕಾಶಿಬಾಯಿಯ ಕೆಳಗೆ ‘ಇಂದುಮತಿ’ ಎಂದು ಬರೆದೆ. ಅನಿಲಕುಮಾರ ಬಂದ, ಜನ ಸೇರಿದರು. ನಾನು ಇಸ್ತ್ರಿ ಅಂಗಿ ಹಾಕಿದ್ದೆ, ಹಿಟ್ಟು ಬೀಳದ ಹಾಗೆ ಗಿರಣಿ ಬಂದ್ ಇಟ್ಟಿದ್ದೆ.

“ಕಾಕಾ, ವರ್ಷಾ ವರ್ಷಾ ಹ್ಯಾಂಗ ಕರೆಕ್ಟ್ ಹೇಳ್ತೀರಿ? ನಿಮ್ಮ ಗುಟ್ಟೇನು?”

ಇದಕ್ಕೆ ಉತ್ತರ ಹದಿನೈದು ದಿನದಿಂದ ಬಾಯಿಪಾಠ ಮಾಡಿದ್ದೆ. ಹಣೆ ಬಡಿದು ತೋರಿಸಬೇಕೆಂದು ಕೈ ಎತ್ತಿದೆ. ಜನರ ಹಿಂದೆ ನಮ್ಮಾಕಿ ಬುತ್ತಿ ಹಿಡಿದು ನಿಂತಿದ್ದಳು. ನಾನು ಏನು ಹೇಳುತ್ತೇನೆ ಎಂದು ಕೇಳುತ್ತಿದ್ದಳು. ಕೈ ಅಲ್ಲೇ ನಿಂತಿತು. ಏನು ಮಾಡಬೇಕು ತಿಳಿಯದೆ ತಲೆ ಕೆರೆದುಕೊಂಡೆ.

“ಮಾತಾಡಾಕಿನ್ನ ನೋಡಬಾರದು” ಎಂದೆ. “ಕೇಳಕೋತ ನಿಂತಾಕಿನ್ನ ನೋಡಬೇಕು.”

ಜನ ಚಪ್ಪಾಳೆ ತಟ್ಟಿದರು. ಇದನ್ನು ಯಾರು ಹೇಳಿದ್ದು ಎಂದು ಅನಿಲಕುಮಾರ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹೇಳುತ್ತಿದ್ದೆ ಅಂತ ಅನ್ನಿಸುತ್ತದೆ.

ಸೆಪ್ಟೆಂಬರ್ ೨೧, ಭಾನುವಾರ

ನಾಲ್ಕು ಸರಿ. ಐದನೆಯದು ಮಯೂರಿ.

ಸೆಪ್ಟೆಂಬರ್ ೨೨, ಸೋಮವಾರ

ಮುಂಜಾನೆ ಗಿರಣಿಯ ಮುಂದೆ ಸಂತೆ ಸೇರಿತ್ತು. ಕಾಳು ತಂದವರು ಕಡಿಮೆ, ನನ್ನ ಮುಖ ನೋಡಲು ಬಂದವರು ಹೆಚ್ಚು. ಅನಿಲಕುಮಾರ ಗಜೇಂದ್ರಗಡದಿಂದ ಬೈಕಿನ ಮೇಲೆ ಬಂದಿದ್ದ. ಶಾಲು ತಂದಿರಲಿಲ್ಲ.

ರಾಘಣ್ಣ ಕುಣಿಯುವುದೊಂದು ಬಾಕಿ. “ಮೂರ್ಖ ಸೂಳಿಮಗನ, ಮಯೂರಿ ಅಂತ ಬರದದ್ದ ಬರೋಬರಿ ಇತ್ತು. ಯಾಕ ಅಳಿಸಿದಿ?”

“ಹೌದಣ್ಣ, ಬುಧವಾರ ಇತ್ತು, ನಾನ ನೋಡೀನಿ” ಎಂದಳು ಮುಮತಾಜಬಿ. “ಅಳಿಸಿದವ್ರು ಯಾರು?”

ಎಲ್ಲರೂ ನನ್ನ ಕಡೆ ನೋಡಿದರು. ನಾಲಿಗೆಯ ತುದಿಗೆ ಬಂದಿತ್ತು. ನಮ್ಮಾಕಿ ಅಳಿಸಿದಳು, ನನ್ನ ಹೆಸರು ಸರಿಯಿತ್ತು, ಐದಕ್ಕೈದು ನನ್ನದೇ. ಅಷ್ಟು ಹೇಳಿದ್ದರೆ ಪಣವೂ ಉಳಿಯುತ್ತಿತ್ತು, ಶಾಲೂ ಬರುತ್ತಿತ್ತು. ಮತ್ತೆ ಇದು ಸುಳ್ಳೂ ಅಲ್ಲ. ಎಷ್ಟೋ ವರ್ಷಕ್ಕೆ ನನ್ನ ಬಾಯಿಗೆ ಬಂದ ಖರೇ ಮಾತು.

“ನಾನ ಅಳಿಸಿದ್ದು” ಎಂದೆ. “ನಾನ ಬರದದ್ದು. ತಲಿ ನಂದ, ತಪ್ಪೂ ನಂದ.”

ಯಾಕೆ ಹಾಗೆಂದೆ ಎಂದು ಈಗಲೂ ತಿಳಿಯಲೊಲ್ಲದು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ರಾಘಣ್ಣ ಖಡು ಕೈಗೆ ಕೊಟ್ಟ. ಬೋರ್ಡು ಒರೆಸಿ ಬರೆದೆ. ಅರ್ಜುನಪ್ಪನಿಗೆ ಏನೂ ತಿಳಿಯುವುದಿಲ್ಲ. ಅಕ್ಷರ ಚಲೋ ಬಂದವು, ಏಳನೆಯ ಇಯತ್ತೆಯ ಅಕ್ಷರ. ಜನ ಹೋ ಎಂದು ನಕ್ಕರು, ಅನಿಲಕುಮಾರ ಫೋನಿನಲ್ಲಿ ಹಿಡಿದ.

ಆಗ ಹಿಂದಿನಿಂದ, “ಐದನೇ ಹೆಸರ ಬರದಾಕಿ ನಾನು” ಎಂದು ಕೇಳಿತು.

ನಮ್ಮಾಕಿ ಬುತ್ತಿಯನ್ನು ಮುಮತಾಜಬಿಯ ಕೈಗೆ ಕೊಟ್ಟು ಮುಂದೆ ಬಂದಳು. ಇಪ್ಪತ್ತೆರಡು ದಿನದ ಹೂಂಗಳ ಹಿಂದೆ ಎಷ್ಟು ಮಾತು ಇದ್ದವೋ ದೇವರೇ ಬಲ್ಲ.

“ರಾಘಣ್ಣಾರ, ಮಯೂರಿ ಬರ್ತಾಳಂತ ನನಗ ಗೊತ್ತಿತ್ರಿ. ನಾಕ ವರ್ಷ ಬರೂ ಹೆಸರ ಹೇಳಿದೆ. ಈ ಸಲ ಬರಬೇಕಾದ ಹೆಸರ ಬರದೆ. ತಪ್ಪೇನ್ರಿ?”

“ಅಲ್ಲವಾ ತಂಗಿ, ನಾಕ ವರ್ಷ ಹೇಳಿದಾಂವ ಇಂವಲ್ಲ?” ಎಂದು ರಾಘಣ್ಣ ನನ್ನ ಕಡೆ ಬೆರಳು ಮಾಡಿದ.

ನನ್ನ ಕಡೆ ಯಾರೂ ನೋಡಬಾರದಿತ್ತು, ಎಲ್ಲರೂ ನೋಡಿದರು. “ಆಕಿನ ಹೇಳಿದ್ದು” ಎಂದೆ. ಗಿರಣಿ ಬಂದ್ ಇತ್ತು, ಮಾತು ಎಲ್ಲರಿಗೂ ಕೇಳಿಸಿತು.

ಕಳಕವ್ವ ಬಾಯಿ ಮೇಲೆ ಸೆರಗು ಹಿಡಿದಳು. ಮುಮತಾಜಬಿ ಮಾತ್ರ, “ನನಗ ಮೊದಲಿಂದ ಗೊತ್ತಿತ್ತು” ಎಂದಳು.

“ಆದ್ರೂ ಸಿದ್ದವ್ವಕ್ಕ, ಆ ಅಡಿಗಿಯಾಕಿ ಏನ ನಟನೆ ಮಾಡ್ಯಾಳ? ಒಂದ ಮಾತಿಲ್ಲ ಆಕಿಗೆ” ಎಂದಳು ಕಳಕವ್ವ.

“ಬೀಗರ ಊಟದ ದಿನ ಸೌಟ ನೋಡಿಯೇನ?”

“ಸೌಟಾ?”

ಹಾಗಾದರೆ ಆ ದಿನ ಒಳಗಿನಿಂದ ಆಕೆ ನೋಡಿದ್ದಳು! ಹೆಸರು ಹಸನು ಮಾಡುವವಳು ಬಾಗಿಲ ಸಂದಿಯಿಂದ ನೋಡಿದ್ದಳು. ಈಗ ಆಕೆ ಸೌಟು ಹಿಡಿದವರ ಹಾಗೆ ಕೈ ಮಾಡಿ ತೋರಿಸಿದಳು, ಕಾಶಿಬಾಯಿ ಹೇಗೆ ಎತ್ತಿದ್ದಳು, ಎಲ್ಲಿ ನಿಲ್ಲಿಸಿದಳು, ಮತ್ತೆ ಹೇಗೆ ಬಗ್ಗಿದಳು ಎಂದು. ಒಬ್ಬರೂ ನಗಲಿಲ್ಲ. ಕಳಕವ್ವ ಹೌದೆಂದಳು, ಇನ್ನೊಬ್ಬಳು ಇಲ್ಲವೆಂದಳು, ಮಯೂರಿಯ ಕಡೆಯವರು ಮೂವರು ಎದ್ದು ನಿಂತರು, ವಾದ ಹತ್ತಿಕೊಂಡಿತು. ನಾನು ಬಾಯಿ ತೆರೆದೆ, ಜಾಗ ಸಿಗಲಿಲ್ಲ. ಸುಮ್ಮನೆ ಕಾಳು ತೂಗುತ್ತ ಕೇಳಿದೆ. ಕೇಳುವುದು ಕಷ್ಟವೇ.

ವಾದ ಮುಗಿದ ಮೇಲೆ ನಮ್ಮಾಕಿ ಬೋರ್ಡು ಓದಿದಳು. ಮೇಲಿಂದ ಕೆಳಗೆ ನೋಡಿ, ಖಡು ಎತ್ತಿಕೊಂಡಳು.

“ಅಳಸಂಗಿಲ್ಲವಾ, ಒಂದ ತಿಂಗಳ!” ಎಂದು ರಾಘಣ್ಣ ಕೂಗಿದ.

“ಅಳಸಂಗಿಲ್ರಿ. ಸರೀರಿ, ಬೆಳಕಿಗೆ ಅಡ್ಡ ನಿಂತೀರಿ.” ಎರಡನೆಯ ಮಾತು ನನಗೆ ಹೇಳಿದ್ದು. ಸರಿದೆ.

ನನ್ನ ಸಾಲಿನ ಕೆಳಗೆ ದುಂಡಗೆ ಒಂದೇ ಶಬ್ದ ಬರೆದಳು. ಈಗ ಬೋರ್ಡಿನ ಮೇಲೆ ಹೀಗಿದೆ:

ಅರ್ಜುನಪ್ಪನಿಗೆ ಏನೂ ತಿಳಿಯುವುದಿಲ್ಲ.
ಟೀವಿಯವರಿಗೂ.

ಸೆಪ್ಟೆಂಬರ್ ೨೩, ಮಂಗಳವಾರ

ಅನಿಲಕುಮಾರನ ವಿಡಿಯೋದಲ್ಲಿ ನನ್ನದು ಬರೀ ಬೆನ್ನು ಬಂದಿದೆ. ನಮ್ಮಾಕಿ ಮುಖ ಪೂರ್ತಿ ಬಂದಿದೆ. ನರಗುಂದದಿಂದ ದೇವಿಕಾ ಫೋನ್ ಮಾಡಿದ್ದಳು, ಅವರವ್ವನಿಗೆ. ನನಗಲ್ಲ.

ಈಗ ಎಂಟು ಹೊಡೆಯಿತು. ಒಳಗಿನಿಂದ ಕರೆಯುತ್ತಿದ್ದಾಳೆ, “ಏನ್ರಿ, ಶುರು ಆತು. ಬರೂದಾದ್ರ ಬಾಯಿ ಮುಚಗೊಂಡ ಬರ್ರಿ.” ಕಾಶಿಬಾಯಿ ಇರುವ ಮನೆಗೆ ಬೀಗರು ಮತ್ತೆ ಬಂದಿದ್ದಾರಂತೆ. ಡೈರಿ ಸಾಕು, ಹೋಗಬೇಕು.